ವಂಶಾವಳಿಗಳ ಪ್ರಾಮಾಣ್ಯವಿಚಾರ: ಹನಗೋಡಿನ ಸುತ್ತಣ ಸೀಮೆಯ ಲೇಖ್ಯಗಳು

ಒಂದು ಮನೆತನದ ಪೂರ್ವೋತ್ತರವನ್ನು ಅರಸಿ ಹೊರಟವರಿಗೆ ದೊರೆಯುವ ಸಾಧನಗಳು ಹಲವು ತೆರನಾದುವು. ಕಲ್ಲಿನ ಮೇಲಣ ಪ್ರಶಸ್ತಿ, ತಾಮ್ರದ ಹಲಗೆ, ಕಾವ್ಯದ ಪೀಠಿಕೆಯಲ್ಲಿ ಕವಿಯು ಹೇಳಿಕೊಂಡ ಕುಲಕಥನ, ಶಾನುಭೋಗನ ಕಡತ, ಕಂದಾಯದ ಕಚೇರಿಯ ವಂಶವೃಕ್ಷ, ಹೆಳವನ ಹೊಗಳಿಕೆ, ಮನೆಯ ಹಿರಿಯರ ಬಾಯಿಮಾತು, ಇವೆಲ್ಲವೂ ವಂಶಾವಳಿಗಳೇ. ಇವುಗಳಲ್ಲಿ ಕಲ್ಲಿನದು ಉತ್ತಮ, ಕಾಗದದ್ದು ಮಧ್ಯಮ, ಬಾಯಿಯದು ಅಧಮ ಎಂಬ ತಾರತಮ್ಯವು ವಿದ್ವಾಂಸರಲ್ಲಿ ಬಹುಕಾಲದಿಂದ ರೂಢಮೂಲವಾಗಿದೆ. ಅದು ಎಷ್ಟರಮಟ್ಟಿಗೆ ನಿಲ್ಲತಕ್ಕುದೆಂಬುದನ್ನು ಒಂದು ಸಣ್ಣ ಸೀಮೆಯ ಲೇಖ್ಯಗಳನ್ನು ಮುಂದಿಟ್ಟುಕೊಂಡು ಪರೀಕ್ಷಿಸುವುದು ಉಚಿತವಾಗಿದೆ.

ಹನಗೋಡು ಹುಣಸೂರು ತಾಲ್ಲೂಕಿನಲ್ಲಿ ಲಕ್ಷ್ಮಣತೀರ್ಥ ನದಿಯ ಅಣೆಕಟ್ಟಿನಿಂದ ಹೆಸರಾದ ಊರು. ಇದರ ಒಂದು ಬದಿಗೆ ನಾಗರಹೊಳೆಯ ಕಾಡು. ಉಳಿದ ಬದಿಗಳಲ್ಲಿ ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ನಾಡು. ಈ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಸಾಹೇಬರು 1898ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಆ ಸಂಪುಟವನ್ನು ತೆರೆಯುವವರು ಮೊದಲು ಒಂದು ಸಂಗತಿಯನ್ನು ತಿಳಿದಿರಬೇಕು. ಪಿರಿಯಾಪಟ್ಟಣದ ಶಾಸನಗಳು ಅಲ್ಲಿ ಹುಣಸೂರಿನ ತಲೆಬರಹದಲ್ಲಿಯೂ, ಇಂದಿನ ಕೃಷ್ಣರಾಜನಗರದ ಕಡೆಯವು ಎಡತೊರೆಯ ತಲೆಬರಹದಲ್ಲಿಯೂ ಸೇರಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಹೊರತಂದ ಪರಿಷ್ಕೃತ ಸಂಪುಟಗಳಲ್ಲಿ ತಾಲ್ಲೂಕುಗಳ ವಿಂಗಡಣೆಯೂ ಸಂಖ್ಯೆಗಳೂ ಬದಲಾಗಿವೆ. ಸೀಮೆಯ ಎಲ್ಲೆಗಳು ಬದಲಾದುದನ್ನು ಗಮನಿಸದೆ ಹುಡುಕಿದವನು ಇರುವ ಲೇಖವನ್ನೂ ಇಲ್ಲವೆಂದು ಬರೆದುಬಿಡುವನು.

ಈ ನಾಡಿನ ಮುಖ್ಯ ರಾಜವಂಶವು ಚಂಗಾಳ್ವರದು. ಹನ್ನೊಂದನೆಯ ಶತಮಾನದಲ್ಲಿ ಹನಸೋಗೆಯ ಜಿನಾಲಯವನ್ನು ಜೀರ್ಣೋದ್ಧಾರಮಾಡಿದ ನನ್ನಿಚಂಗಾಳ್ವನಿಂದ ಮೊದಲ್ಗೊಂಡು, ನಂಜರಾಜಪಟ್ಟಣವನ್ನು ಕಟ್ಟಿಸಿದ ನಂಜರಾಜ, ಸಿಂಗಪಟ್ಟಣವನ್ನು ಹೊಸದಾಗಿ ಕಟ್ಟಿಸಿ ತನ್ನ ಹೆಸರಿಟ್ಟ ಪಿರಿಯರಾಜ ಇವರನ್ನು ಹಾದು, ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಮೈಸೂರಿನ ಸೈನ್ಯಕ್ಕೆ ಪಿರಿಯಾಪಟ್ಟಣವು ವಶವಾಗುವವರೆಗೆ, ಸುಮಾರು ಆರು ನೂರು ವರ್ಷಗಳ ಕಥೆಯನ್ನು ಈ ಒಂದು ಹೆಸರಿನ ಕೆಳಗೆ ಹೇಳುವ ವಾಡಿಕೆಯಿದೆ. ಆದರೆ ರೈಸ್ ಸಾಹೇಬರು ಕೊಟ್ಟ ಅರಸರ ಪಟ್ಟಿಯನ್ನೇ ನಿಧಾನವಾಗಿ ನೋಡಿದರೆ, ಹದಿಮೂರನೆಯ ಶತಮಾನದ ಕೊನೆಯ ಮಲ್ಲಿದೇವ ಹರಿಹರದೇವರಿಗೂ ಹದಿನಾರನೆಯ ಶತಮಾನದ ಆದಿಯ ನಂಜರಾಜನಿಗೂ ನಡುವೆ ಎರಡು ನೂರು ವರ್ಷಗಳ ಕಂದಕವಿರುವುದು ಕಾಣುತ್ತದೆ. ಅದರ ಈಚೆಯ ದಡದಲ್ಲಿ ಜಿನಾಲಯಗಳಿಗೆ ದತ್ತಿಬಿಟ್ಟವರು. ಆಚೆಯ ದಡದಲ್ಲಿ ಬೆಟ್ಟದಪುರದ ಅನ್ನದಾನಿ ಮಲ್ಲಿಕಾರ್ಜುನನನ್ನು ಕುಲದೈವವೆಂದು ಪೂಜಿಸಿದ ಶೈವರು. ಮತವು ಬದಲಾಗುವುದು ಅಸಾಧ್ಯವಲ್ಲ. ರಾಜವಂಶಗಳಲ್ಲಿ ಅದು ಅಪೂರ್ವವೂ ಅಲ್ಲ. ಆದರೂ ಎರಡು ದಡಗಳನ್ನು ಜೋಡಿಸುವುದು ಹೆಸರು ಮಾತ್ರವೇ ಹೊರತು ತಂದೆಮಕ್ಕಳ ಸರಪಣಿಯಲ್ಲವೆಂಬುದನ್ನು ಮರೆಯಬಾರದು. ಚಂಗಾಳ್ವ ಎಂಬುದು ನಾಡನ್ನು ಆಳಿದವರ ಪದವಿ. ಪದವಿಯು ರಕ್ತಸಂಬಂಧವಿಲ್ಲದೆಯೂ ಕೈಯಿಂದ ಕೈಗೆ ದಾಟಬಲ್ಲುದು.

ಚಂಗಾಳ್ವರು ತಮ್ಮನ್ನು ಯಾದವರೆಂದೂ ತಮ್ಮ ಮೂಲಪುರುಷನು ದ್ವಾರಾವತಿಯಲ್ಲಿದ್ದವನೆಂದೂ ಹೇಳಿಕೊಂಡರು. ದ್ವಾರಾವತೀಪುರವರಾಧೀಶ್ವರ ಎಂಬುದು ಹೊಯ್ಸಳರ ಪ್ರಸಿದ್ಧ ಬಿರುದು. 1399ರಲ್ಲಿ ಆಳತೊಡಗಿದರೆಂದು ಸಂಪ್ರದಾಯವು ಹೇಳುವ ಮೈಸೂರಿನ ಯದುರಾಯರೂ ದ್ವಾರಕೆಯಿಂದ ಬಂದವರೆಂಬ ಕಥೆಯನ್ನು, ಅರಮನೆಯಿಂದ 1916 ಮತ್ತು 1922ರಲ್ಲಿ ಎರಡು ಭಾಗಗಳಾಗಿ ಅಚ್ಚಾದ ಶ್ರೀಮನ್ಮಹಾರಾಜರವರ ವಂಶಾವಳಿಯು ಸ್ಥಿರಗೊಳಿಸಿತು. ನೆರೆಹೊರೆಯ ಮೂರು ಅರಸುಮನೆತನಗಳು ಒಂದೇ ಕಡಲ ತೀರದ ಪಟ್ಟಣವನ್ನು ತೌರೆಂದು ಹೇಳಿಕೊಂಡರೆ, ಇವರು ಮೂವರೂ ದಾಯಾದಿಗಳೆಂದು ತೀರ್ಮಾನಿಸುವುದು ಸರಿಯಲ್ಲ. ಮೂವರೂ ಸುಳ್ಳಾಡಿದರೆಂದು ನಗುವುದೂ ವಿಮರ್ಶೆಯಲ್ಲ. ಈ ಸೀಮೆಯಲ್ಲಿ ಆಳಲು ಹೊರಟವನು ಯಾವ ಕುಲದವನಾಗಿರಬೇಕೆಂಬ ಲೋಕದ ನಿರೀಕ್ಷೆಯನ್ನು ಆ ಮಾತು ತಿಳಿಸುತ್ತದೆ. ಅದು ಪೂರ್ವಿಕರ ವಿಷಯದಲ್ಲಿ ದುರ್ಬಲವಾದ ಸಾಕ್ಷಿ. ಬರೆಯಿಸಿದವರ ಕಾಲದ ವಿಷಯದಲ್ಲಿ ಪ್ರಬಲವಾದ ಸಾಕ್ಷಿ.

ರಕ್ತದ್ದಲ್ಲದ ವಂಶಾವಳಿಯೂ ಈ ನಾಡಿನಲ್ಲಿ ಉಂಟು. ಹನಸೋಗೆಯ ಬಸದಿಗಳು ದಶರಥನ ಮಗನಾದ ರಾಮನಿಂದ ಸ್ಥಾಪಿತವಾದುವೆಂದು ಅಲ್ಲಿನ ಶಾಸನಗಳು ಹೇಳಿ, ಆಮೇಲಣ ದಾನಿಗಳ ಸಾಲಿನಲ್ಲಿ ಗಂಗರನ್ನೂ ಚಂಗಾಳ್ವರನ್ನೂ ನಿಲ್ಲಿಸುತ್ತವೆ. ಇಲ್ಲಿ ತಲೆಮಾರುಗಳನ್ನು ಎಣಿಸಿರುವುದು ದತ್ತಿಯಿಂದ. ದತ್ತಿಯನ್ನು ಕಾಪಾಡಿದವನೇ ಉತ್ತರಾಧಿಕಾರಿ. ಅಲ್ಲಿನ ಮುನಿಗಳ ಗುರುಪರಂಪರೆಯು ದೇಶೀಗಣದ ಪುಸ್ತಕಗಚ್ಛದಲ್ಲಿ ಪನಸೋಗೆಯ ಬಳಿ ಎಂಬ ಹೆಸರನ್ನು ಪಡೆದು, ಕಾವೇರಿಯ ತೀರದಿಂದ ಘಟ್ಟದ ಕೆಳಕ್ಕೂ ಹಬ್ಬಿತು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ವೀರಪಾಂಡ್ಯನು ಪ್ರತಿಷ್ಠೆಮಾಡಿಸಿದುದು ಈ ಬಳಿಯ ಲಲಿತಕೀರ್ತಿಗಳ ಉಪದೇಶದಿಂದ. ಮೂಲದ ಊರು ಹಳ್ಳಿಯಾಗಿ ಉಳಿದರೂ ಅದರ ಹೆಸರು ದೂರದೇಶದ ಶಿಲೆಯಲ್ಲಿ ನಿಂತಿತು. ಊರಿನ ಹೆಸರು ವಂಶಾವಳಿಯಲ್ಲಿ ಎಂತಹ ಗಟ್ಟಿಯಾದ ಕೊಂಡಿಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಾಗಿಲ್ಲ.

ಕಾವ್ಯಪೀಠಿಕೆಗಳ ಬೆಲೆಯೂ ಇದೇ ಒರೆಗಲ್ಲಿನಿಂದ ತಿಳಿಯುತ್ತದೆ. ಕನ್ನಡ ಸಾಹಿತ್ಯದಲ್ಲಿ ಮಂಗರಾಜ, ಮಂಗರಸ ಎಂಬ ಹೆಸರಿನ ಕವಿಗಳು ಒಬ್ಬರಿಗಿಂತ ಹೆಚ್ಚು. ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯಗ್ರಂಥವನ್ನು ಬರೆದವನು ಒಬ್ಬ, ನಿಘಂಟನ್ನು ರಚಿಸಿದವನು ಇನ್ನೊಬ್ಬ, ಜಯನೃಪಕಾವ್ಯ, ನೇಮಿಜಿನೇಶಸಂಗತಿ, ಸಮ್ಯಕ್ತ್ವಕೌಮುದಿ, ಸೂಪಶಾಸ್ತ್ರಗಳನ್ನು ರಚಿಸಿದವನು ಮತ್ತೊಬ್ಬ. ಆರ್. ನರಸಿಂಹಾಚಾರ್ಯರು ಕರ್ಣಾಟಕ ಕವಿಚರಿತೆಯಲ್ಲಿ ಇವರನ್ನು ಬೇರ್ಪಡಿಸಿ, ಕಡೆಯವನನ್ನು ಮೂರನೆಯ ಮಂಗರಸನೆಂದು ಎಣಿಸಿ, ಕಾಲವನ್ನು ಸುಮಾರು 1508 ಎಂದು ನಿರ್ಣಯಿಸಿದರು. ಈತನು ತನ್ನನ್ನು ಚಂಗಾಳ್ವರ ಸಚಿವಕುಲದಲ್ಲಿ ಹುಟ್ಟಿದವನೆಂದೂ, ಕಲ್ಲಹಳ್ಳಿಯ ಪ್ರಭುವಾದ ವಿಜಯಭೂಪಾಲನ ಮಗನೆಂದೂ, ತಾಯಿ ದೇವಿಲೆಯೆಂದೂ ಹೇಳಿಕೊಂಡಿರುವನು. ಕಲ್ಲಹಳ್ಳಿಯು ಹುಣಸೂರಿನ ಸೀಮೆಯ ಊರು. ಭೂಪಾಲ ಎಂಬ ಮಾತಿನಲ್ಲಿ ಮಗನ ಅಭಿಮಾನವು ಸೇರಿರಬಹುದು; ಅದನ್ನು ಕಳೆದರೂ ಒಂದು ಹುದ್ದೆ, ಒಂದು ಊರು, ಒಬ್ಬ ತಂದೆ, ಒಬ್ಬ ತಾಯಿ ಉಳಿಯುತ್ತಾರೆ. ಹೆಸರೊಂದನ್ನೇ ನೆಚ್ಚಿದ್ದರೆ ಬೇರೆ ಬೇರೆ ಕಾಲದ ಕವಿಗಳು ಒಬ್ಬನೇ ಆಗಿಬಿಡುತ್ತಿದ್ದರು. ಅರಸನು ಶೈವನಾಗಿದ್ದ ಕಾಲದಲ್ಲಿಯೂ ಸಚಿವರ ಮನೆತನವು ಜೈನವಾಗಿಯೇ ಇದ್ದಿತೆಂಬ ಸಂಗತಿಯೂ ಈ ಪೀಠಿಕೆಯಿಂದಲೇ ದೊರೆಯುವುದು. ರಾಜಪ್ರಶಸ್ತಿಗಳನ್ನು ಮಾತ್ರ ಓದಿದವನಿಗೆ ಇದು ತಿಳಿಯದು.

ಇನ್ನು ಹೆಗ್ಗಡದೇವನಕೋಟೆಯ ಸೀಮೆಯ ಬೆಳತೂರಿನ ಶಾಸನ. 1057ರ ಈ ಲೇಖವು ಕಾವ್ಯಗುಣದಿಂದ ಕನ್ನಡದ ಅಧ್ಯಾಪಕರಿಗೆಲ್ಲ ಪರಿಚಿತವಾಗಿದೆ. ನುಗುನಾಡಿನ ಒಡೆಯನಾದ ರವಿಗನ ಮಗಳು ದೇಕಬ್ಬೆ. ಅವಳ ಗಂಡ ನವಿಲೆನಾಡಿನ ಏಚ. ಏಚನು ದಾಯಿಗನೊಬ್ಬನನ್ನು ಕೊಂದ ಕಾರಣದಿಂದ ತಲಕಾಡಿನಲ್ಲಿ ಮರಣದಂಡನೆಗೆ ಒಳಗಾದನು. ಸುದ್ದಿಯನ್ನು ಕೇಳಿದ ದೇಕಬ್ಬೆಯು ಹೆತ್ತವರು ತಡೆದರೂ ನಿಲ್ಲದೆ ಅಗ್ನಿಪ್ರವೇಶಮಾಡಿದಳು. ಶಾಸನಕವಿಯು ಈ ಸಾವನ್ನು ಹೊಗಳುವುದಕ್ಕಾಗಿ ಬರೆದಿರುವನು. ಆ ಹೊಗಳಿಕೆಯನ್ನು ಇಂದಿನ ಓದುಗನು ಒಪ್ಪಬೇಕಾದುದಿಲ್ಲ. ಆದರೆ ಹೊಗಳಿಕೆಗೆ ಬೇಕಿಲ್ಲದ ಸಂಗತಿಗಳು, ಎಂದರೆ ಗಂಡನ ಅಪರಾಧ, ಅರಸನ ಶಿಕ್ಷೆ, ಹೆತ್ತವರ ವಿರೋಧ, ಎರಡು ನಾಡುಗಳ ಒಡೆತನ, ಎರಡು ಮನೆಗಳ ಕೊಳುಕೊಡೆ, ಇವೆಲ್ಲವೂ ತಾವಾಗಿ ನುಸುಳಿಬಂದಿವೆ. ಕುಲದ ಗೌರವಕ್ಕೆ ಕುಂದನ್ನು ತರಬಹುದಾದ ದಾಯಾದಿ ಕೊಲೆಯನ್ನು ಮುಚ್ಚದೆ ಹೇಳಿದುದೇ ಇದರ ಪ್ರಾಮಾಣ್ಯಕ್ಕೆ ಮುದ್ರೆ. ಚಂಗಾಳ್ವಪ್ರಶಸ್ತಿಯೂ ಕಲ್ಲು, ಇದೂ ಕಲ್ಲು. ಒಂದು ದ್ವಾರಾವತಿಯವರೆಗೆ ಏರುತ್ತದೆ. ಇನ್ನೊಂದು ತಂದೆ, ಮಗಳು, ಅಳಿಯ ಇಷ್ಟರಲ್ಲಿಯೇ ನಿಲ್ಲುತ್ತದೆ. ಮನೆತನದ ಚರಿತ್ರೆಗೆ ಎರಡನೆಯದೇ ಹೆಚ್ಚು ಉಪಕಾರಿ. ಹೀಗಿರಲು ಪ್ರಾಮಾಣ್ಯವು ಕಲ್ಲಿನ ಗಡಸಿನಲ್ಲಿ ಇಲ್ಲವೆಂದು ಒಪ್ಪಬೇಕಾಗುವುದು.

ಕಾಗದದ ಲೇಖ್ಯಗಳಿಗೆ ಬಂದರೆ, ಶಾನುಭೋಗರ ಕಡತಗಳೂ ಆಮೇಲಣ ಕಂದಾಯದ ಪುಸ್ತಕಗಳೂ ಹೊಲದ ಹಕ್ಕು ಯಾರಿಂದ ಯಾರಿಗೆ ಹೋಯಿತೆಂಬುದನ್ನು ಹೇಳಲು ಹುಟ್ಟಿದುವು. ಮನೆಯಲ್ಲಿ ಯಾರು ಯಾರು ಹುಟ್ಟಿದರೆಂಬುದನ್ನು ಹೇಳಲು ಅಲ್ಲ. ವಂಶಪಾರಂಪರ್ಯವಾದ ಶಾನುಭೋಗಿಕೆಯು 1961ರ ಕಾಯಿದೆಯಿಂದ ರದ್ದಾಯಿತಾದರೂ ಖಾತೆ ಬದಲಾವಣೆಗೆ ವಂಶವೃಕ್ಷವನ್ನು ಕೇಳುವ ಪದ್ಧತಿ ಉಳಿಯಿತು. ಹಳೆಯ ವಂಶವೃಕ್ಷಗಳಲ್ಲಿ ಗಂಡುಮಕ್ಕಳ ಕೊಂಬೆಗಳು ಹರಡಿರುವಲ್ಲಿ ಹೆಣ್ಣುಮಕ್ಕಳ ಹೆಸರೇ ಇಲ್ಲದಿರುವುದು ಸಾಮಾನ್ಯ. ಮಕ್ಕಳಿರಲಿಲ್ಲವೆಂದು ಅದರಿಂದ ತಿಳಿಯಬಾರದು, ಪಾಲಿರಲಿಲ್ಲವೆಂದು ತಿಳಿಯಬೇಕು. ಮೈಸೂರು ಸಂಸ್ಥಾನದ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ, ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿ, ದೇಶಕ್ಕೆಲ್ಲ ಅನ್ವಯಿಸಿದ 2005ರ ತಿದ್ದುಪಡಿ, ಇವುಗಳ ತರುವಾಯ ಹೆಣ್ಣುಮಕ್ಕಳಿಗೆ ಹಕ್ಕು ಬಂದಿತು. ಹಕ್ಕಿನೊಡನೆ ಹೆಸರೂ ವೃಕ್ಷದಲ್ಲಿ ಇರಬೇಕಾಯಿತು. ಒಂದು ಸಾವಿರ ವರ್ಷಗಳ ಹಿಂದೆ ಬೆಳತೂರಿನ ಕಲ್ಲು ಮಗಳ ಹೆಸರನ್ನು ಹೇಳಿತು, ಐದು ನೂರು ವರ್ಷಗಳ ಹಿಂದೆ ಮಂಗರಸನು ತಾಯಿಯ ಹೆಸರನ್ನು ಹೇಳಿದನು. ಕಚೇರಿಯ ಕಾಗದವು ಎರಡನ್ನೂ ಬಿಟ್ಟಿತು. ಬಿಟ್ಟ ಹೆಸರು ಚರಿತ್ರೆಯ ಕೊರತೆ ಮಾತ್ರವಲ್ಲ. ಪಾಲಿನ ನಷ್ಟವೂ ಹೌದು.

ಬಾಯಿಯ ವಂಶಾವಳಿಗಳಲ್ಲಿ ಹೆಳವರದು ಪ್ರಸಿದ್ಧವಾದುದು. ಎತ್ತಿನ ಮೇಲೆ ಬಂದು ಒಕ್ಕಲಮನೆಯ ಮುಂದೆ ಹಿರಿಯರ ಹೆಸರುಗಳನ್ನು ಸಾಲಾಗಿ ಹೇಳಿ ಕಾಣಿಕೆಯನ್ನು ಪಡೆಯುವ ಇವರ ವೃತ್ತಿಯು ಕರ್ನಾಟಕದ ಹಲವೆಡೆ ನಡೆದುಬಂದಿದೆ. ಕೊಡುವ ಮನೆಯನ್ನು ಹೊಗಳುವುದು ವೃತ್ತಿಧರ್ಮವಾದುದರಿಂದ ಮೂಲಪುರುಷನ ಕಥೆಯಲ್ಲಿ ಅತಿಶಯವಿರುವುದು ಸಹಜ. ಆದರೆ ಕೆಳಗಿನ ತಲೆಮಾರುಗಳನ್ನು ಹೇಳುವಾಗ ಕೇಳುವವರು ಆ ಮನೆಯವರೇ. ತಪ್ಪಿದರೆ ಅಲ್ಲಿಯೇ ತಿದ್ದುವರು. ರಾಜಪ್ರಶಸ್ತಿಯನ್ನು ತಿದ್ದುವ ಕೇಳುಗನು ಯಾರಿದ್ದನು?

ಈ ವಿಚಾರವು ಪಂಡಿತರ ಕೊಠಡಿಯಲ್ಲಿಯೇ ಮುಗಿಯತಕ್ಕುದಲ್ಲ. ಹನಗೋಡಿನ ಪಕ್ಕದ ನಾಗರಹೊಳೆಯ ಕಾಡಿನಲ್ಲಿ ಬಾಳಿದ ಜೇನುಕುರುಬರಿಗೆ ಪ್ರಶಸ್ತಿಯ ಕಲ್ಲಿಲ್ಲ, ಪೀಠಿಕೆ ಬರೆದ ಕವಿಯಿಲ್ಲ, ಕಡತದಲ್ಲಿ ಹೊಲವಿಲ್ಲ. ಅವರಲ್ಲಿ ಹಲವು ಕುಟುಂಬಗಳು ಕಾಡಿನ ಹಾಡಿಗಳನ್ನು ಬಿಟ್ಟು ಹುಣಸೂರು ತಾಲ್ಲೂಕಿನ ನಾಗಾಪುರದಂತಹ ಪುನರ್ವಸತಿಯ ನೆಲೆಗಳಿಗೆ ಬಂದಿವೆ. 2006ರ ಅರಣ್ಯಹಕ್ಕುಗಳ ಕಾಯಿದೆಯ ಪ್ರಕಾರ ಕಾಡಿನ ನೆಲದ ಮೇಲೆ ಹಕ್ಕನ್ನು ಕೇಳುವವರು ಸಾಕ್ಷ್ಯವನ್ನು ಒದಗಿಸಬೇಕು. ಅದರಡಿಯ ನಿಯಮಗಳು ಸರಕಾರದ ಕಾಗದಗಳೊಡನೆ ಬರೆದಿಟ್ಟುಕೊಂಡ ಹಿರಿಯರ ಹೇಳಿಕೆಯನ್ನೂ, ಬಾವಿ, ಸುಡುಗಾಡು, ದೇವರ ನೆಲೆಗಳಂತಹ ಗುರುತುಗಳನ್ನೂ, ಹಿಂದಿನ ದಾಖಲೆಗಳಲ್ಲಿ ಕಾಣುವ ವ್ಯಕ್ತಿಗಳಿಗೆ ಸಂಬಂಧವನ್ನು ತೋರಿಸುವ ವಂಶಾವಳಿಯನ್ನೂ ಸಾಕ್ಷ್ಯವೆಂದು ಎಣಿಸುತ್ತವೆ. ಒಂದಕ್ಕಿಂತ ಹೆಚ್ಚಿನ ಸಾಕ್ಷ್ಯಗಳನ್ನು ಪರಿಶೀಲಿಸಬೇಕೆಂದೂ ವಿಧಿಸುತ್ತವೆ. ಹಿರಿಯನೊಬ್ಬನು ಇಂತಹ ಮರದ ಬಳಿ ತನ್ನ ತಾತನನ್ನು ಮಣ್ಣುಮಾಡಿದರೆಂದು ತೋರಿಸಿ ಹೇಳುವ ಮಾತು, ಗುಣದಲ್ಲಿ ಬೆಳತೂರಿನ ಶಾಸನದ ಜಾತಿಗೆ ಸೇರಿದುದು. ಅದು ದೂರಕ್ಕೆ ಏರುವುದಿಲ್ಲ, ಕಂಡವರನ್ನು ಹೇಳುತ್ತದೆ, ನೆಲವನ್ನು ತೋರಿಸುತ್ತದೆ. ಹಕ್ಕಿಗಾಗಿ ಹೇಳಿದ ಮಾತಾದುದರಿಂದ ಅದನ್ನು ಪರೀಕ್ಷಿಸಬೇಕೆಂಬುದು ನಿಜ. ಆದರೆ ಹಕ್ಕಿಗಾಗಿ ಹುಟ್ಟದ ವಂಶಾವಳಿಯು ಈ ಸೀಮೆಯಲ್ಲಿ ಒಂದೂ ದೊರೆಯಲಿಲ್ಲವೆಂಬುದನ್ನೂ ನೆನೆಯಬೇಕು. ಅರಸನ ಹಕ್ಕಿಗೆ ಕೊಟ್ಟ ಗೌರವವನ್ನು ಹಾಡಿಯವನ ಹಕ್ಕಿಗೆ ಕೊಡದಿರುವುದು ಪ್ರಮಾಣಶಾಸ್ತ್ರವಲ್ಲ, ಪಕ್ಷಪಾತ.

ಆದುದರಿಂದ ವಂಶಾವಳಿಯನ್ನು ಮೇಲಿನಿಂದ ಕೆಳಕ್ಕೆ ಓದದೆ ಕೆಳಗಿನಿಂದ ಮೇಲಕ್ಕೆ ಓದಬೇಕು. ಬಲ್ಲವರಿಂದ ಬಲ್ಲವರಿಗೆ ಒಂದೊಂದೇ ಮೆಟ್ಟಿಲನ್ನು ಏರಿ, ಊರು, ಎಲ್ಲೆ, ದತ್ತಿ, ಹುದ್ದೆ, ಕೊಳುಕೊಡೆಗಳ ಆಸರೆಯು ತಪ್ಪಿದಲ್ಲಿ ನಿಲ್ಲಬೇಕು. ಹೆಸರಿನ ಸಾಮ್ಯದಿಂದ ಕಂದಕವನ್ನು ಹಾರಬಾರದು. ಯಾರ ಹೆಸರು ಬಿಟ್ಟಿದೆ, ಏತಕ್ಕೆ ಬಿಟ್ಟಿದೆ ಎಂದು ಪ್ರತಿಯೊಂದು ಲೇಖ್ಯವನ್ನೂ ಕೇಳಬೇಕು. ಹೀಗೆ ಓದಿದವನಿಗೆ ದ್ವಾರಾವತಿಯು ದೊರೆಯದೆಹೋಗಬಹುದು. ಕಲ್ಲಹಳ್ಳಿಯ ದೇವಿಲೆಯೂ ನುಗುನಾಡಿನ ರವಿಗನೂ ಹಾಡಿಯ ತಾತನೂ ದೊರೆಯುವರು. ಮನೆತನದ ಚರಿತ್ರೆಯು ಇಂತಹವರಿಂದಲೇ ಆದುದಲ್ಲವೆ?