ನೀಲಿ ಕೋಟು, ಬೂದು ಜಾಕೆಟ್ಟು: ಎಳೆ ಎಣಿಸಿ ಓದುವ ಅಂತರ್ಯುದ್ಧ

ಅಮೆರಿಕದ ಅಂತರ್ಯುದ್ಧ ನಡೆದದ್ದು 1861ರಿಂದ 1865ರವರೆಗೆ. ಆ ಯುದ್ಧದ ಸೈನಿಕರ ಉಡುಪನ್ನು ಅಭ್ಯಾಸ ಮಾಡಿ, ಅದೇ ಬಗೆಯ ಬಟ್ಟೆ, ಬಣ್ಣ, ಹೊಲಿಗೆಯಲ್ಲಿ ಮತ್ತೆ ತಯಾರಿಸುವ ಕೆಲಸ ಈಗ ಒಂದು ಗಂಭೀರ ವಿದ್ಯೆಯಾಗಿ ಬೆಳೆದಿದೆ. ಉತ್ತರದವರದು ನೀಲಿ, ದಕ್ಷಿಣದವರದು ಬೂದು ಎಂಬ ಶಾಲಾಪುಸ್ತಕದ ಮಾತು ಅರ್ಧ ಮಾತ್ರ ನಿಜ ಎಂಬುದು ಇದರ ಮೊದಲ ಪಾಠ. ಕಾಗದದ ಮೇಲಿನ ನಿಯಮ ಒಂದು, ಉಗ್ರಾಣದಲ್ಲಿದ್ದ ಬಟ್ಟೆ ಇನ್ನೊಂದು, ಸೈನಿಕನ ಮೈಮೇಲಿದ್ದದ್ದು ಮತ್ತೊಂದು. ಈ ಮೂರರ ನಡುವಿನ ಅಂತರವನ್ನು ಅಳೆಯುವುದೇ ಈ ವಿದ್ಯೆಯ ತಿರುಳು.

ಯುದ್ಧದ ಆರಂಭದಲ್ಲಿ ಆ ಅಂತರ ಬಹಳ ದೊಡ್ಡದಾಗಿತ್ತು. ಎರಡೂ ಕಡೆ ರಾಜ್ಯಗಳ ಸ್ವಯಂಸೇವಕ ಪಡೆಗಳು ತಮಗೆ ತೋಚಿದ ಉಡುಪಿನಲ್ಲೇ ಬಂದವು. ನ್ಯೂಯಾರ್ಕಿನ 5ನೆಯ ಪಡೆಯವರು ಉತ್ತರ ಆಫ್ರಿಕದ ಫ್ರೆಂಚ್ ಜುವಾವ್ ಸೈನಿಕರಂತೆ ಕೆಂಪು ಜೋಲು ಷರಾಯಿ ತೊಟ್ಟಿದ್ದರು. ಬರ್ಡನ್ ಎಂಬಾತ ಮುನ್ನಡೆಸಿದ ಉತ್ತರದ ಗುರಿಕಾರರದು ಹಸಿರು ಕೋಟು. ಉತ್ತರದ ಪರವಾಗಿ ಹೋರಾಡಿದ 2ನೆಯ ವಿಸ್ಕಾನ್ಸಿನ್ ಪಡೆ ಬೂದು ಬಣ್ಣದಲ್ಲಿತ್ತು, ದಕ್ಷಿಣದ 33ನೆಯ ವರ್ಜೀನಿಯಾ ಪಡೆಯಲ್ಲಿ ಅನೇಕರು ನೀಲಿ ತೊಟ್ಟಿದ್ದರು. ಇದರ ಬೆಲೆ ತಿಳಿದದ್ದು 1861ರ ಜುಲೈ 21ರಂದು, ಬುಲ್ ರನ್ ಕಾಳಗದಲ್ಲಿ. ತಮ್ಮತ್ತ ಬಂದ ನೀಲಿ ಉಡುಪಿನವರನ್ನು ಉತ್ತರದ ಫಿರಂಗಿ ದಳ ತಮ್ಮವರೇ ಎಂದುಕೊಂಡು ಗುಂಡು ಹಾರಿಸದೆ ಕಾಯಿತು. ಬಂದವರು ವರ್ಜೀನಿಯಾದವರು. ಫಿರಂಗಿಗಳು ಕೈಬಿಟ್ಟುಹೋದವು. ಬೂದು ತೊಟ್ಟ ವಿಸ್ಕಾನ್ಸಿನ್ನರ ಮೇಲೆ ಅವರ ಕಡೆಯವರೇ ಗುಂಡು ಹಾರಿಸಿದರು. ಉಡುಪನ್ನು ಏಕರೂಪಕ್ಕೆ ತರುವುದು ಅಲ್ಲಿಂದ ಮುಂದೆ ಜೀವದ ಪ್ರಶ್ನೆಯಾಯಿತು.

ಉತ್ತರದಲ್ಲಿ ಆ ಕೆಲಸ ಸರಬರಾಜು ವಿಭಾಗದ ಮುಖ್ಯಸ್ಥ ಮಾಂಟ್‌ಗೊಮರಿ ಮೆಗ್ಸ್ ಹೆಗಲಿಗೆ ಬಿತ್ತು. ನಿಯಮದ ಪ್ರಕಾರ ಕಾಲಾಳಿಗೆ ಒಂಬತ್ತು ಗುಂಡಿಯ, ಮಂಡಿಯ ಹತ್ತಿರದವರೆಗೆ ಇಳಿಯುವ ಕಡುನೀಲಿ ಫ್ರಾಕ್ ಕೋಟು ಇತ್ತು. ಆದರೆ ದಿನದ ಬಳಕೆಯಲ್ಲಿ ಗೆದ್ದದ್ದು ಸ್ಯಾಕ್ ಕೋಟು: ನಾಲ್ಕೇ ಗುಂಡಿ, ಸಡಿಲವಾದ ಫ್ಲಾನೆಲ್, ಕಡಿಮೆ ಖರ್ಚು. ಷರಾಯಿ ಮೊದಲು ಕಡುನೀಲಿಯದಾಗಿತ್ತು, 1861ರ ಡಿಸೆಂಬರಿನಲ್ಲಿ ಅದನ್ನು ತಿಳಿನೀಲಿಗೆ ಬದಲಿಸಲಾಯಿತು. ಅಂಚುಪಟ್ಟಿಯ ಬಣ್ಣ ನೋಡಿ ದಳವನ್ನು ಗುರುತಿಸಬಹುದಿತ್ತು: ಕಾಲಾಳಿಗೆ ತಿಳಿನೀಲಿ, ಫಿರಂಗಿ ದಳಕ್ಕೆ ಕೆಂಪು, ಕುದುರೆ ದಳಕ್ಕೆ ಹಳದಿ.

ಫಿಲಡೆಲ್ಫಿಯಾದ ಸ್ಕೂಲ್‌ಕಿಲ್ ಉಗ್ರಾಣದಲ್ಲಿ ಬಟ್ಟೆಯನ್ನು ಅಳತೆಗೆ ಕತ್ತರಿಸಿ, ಗುಂಡಿ ದಾರಗಳೊಡನೆ ಗಂಟು ಕಟ್ಟಿ ಹೆಂಗಸರಿಗೆ ಕೊಡುತ್ತಿದ್ದರು. ಅವರು ಮನೆಯಲ್ಲಿ ಕೈಹೊಲಿಗೆ ಹಾಕಿ ತಂದೊಪ್ಪಿಸಿ ಉಡುಪಿನ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದರು. ಖಾಸಗಿ ಗುತ್ತಿಗೆದಾರರ ಕಡೆ ಹೊಲಿಗೆ ಯಂತ್ರ ಹೆಚ್ಚು ಬಳಕೆಯಲ್ಲಿತ್ತು. ಹೀಗಾಗಿ ಒಂದು ಕೋಟಿನ ಹೊಲಿಗೆ ಕೈಯದೋ ಯಂತ್ರದ್ದೋ ಎಂದು ನೋಡಿಯೇ ಅದರ ಹುಟ್ಟಿನ ಬಗ್ಗೆ ಬಲವಾದ ಸುಳಿವು ಪಡೆಯಬಹುದು. ಮೊದಲ ವರ್ಷದ ಅವಸರದಲ್ಲಿ ಕೆಲವು ಗುತ್ತಿಗೆದಾರರು ಹಳೆಯ ಚಿಂದಿ ಉಣ್ಣೆಯನ್ನು ಮತ್ತೆ ಒತ್ತಿ ಮಾಡಿದ ‘ಶಾಡಿ’ ಬಟ್ಟೆ ಒದಗಿಸಿದರು. ಅದು ಮಳೆಗೆ ನೆನೆದರೆ ಬಿಚ್ಚಿಹೋಗುತ್ತಿತ್ತು. ಆ ಬಟ್ಟೆಯ ಹೆಸರು ಇಂಗ್ಲಿಷಿನಲ್ಲಿ ಕಳಪೆ ಮಾಲಿಗೆಲ್ಲ ಅಂಟಿಕೊಂಡದ್ದು ಈ ಹಗರಣದ ಕಾಲದಲ್ಲಿ. ಗುತ್ತಿಗೆದಾರರು ಕೊಡುವ ಕೂಲಿಯಲ್ಲಿ ಹೊಟ್ಟೆ ತುಂಬುತ್ತಿಲ್ಲವೆಂದು ಸಿನ್ಸಿನಾಟಿಯ ಹೊಲಿಗೆ ಹೆಂಗಸರು 1865ರಲ್ಲಿ ಅಧ್ಯಕ್ಷ ಲಿಂಕನ್ನರಿಗೆ ಮನವಿ ಸಲ್ಲಿಸಿದರು.

ದಕ್ಷಿಣದ ಕಥೆ ಬೇರೆ. 1861ರ ನಿಯಮ ಬೂದು ಬಣ್ಣದ, ಎದೆಯ ಮೇಲೆ ಎರಡು ಸಾಲು ಗುಂಡಿಯ ಕೋಟು ಹೇಳಿತ್ತು. ಸಾಮಾನ್ಯ ಸೈನಿಕರಲ್ಲಿ ಅದನ್ನು ತೊಟ್ಟವರು ತೀರ ಕಡಿಮೆ. ಬಟ್ಟೆಯನ್ನು ಸೈನಿಕರೇ ಹೊಂದಿಸಿಕೊಳ್ಳಬೇಕು, ಸರ್ಕಾರ ವರ್ಷಕ್ಕೆ 50 ಡಾಲರ್ ಕೊಡುತ್ತದೆ ಎಂಬ ಏರ್ಪಾಡು ಮೊದಲಿಗಿತ್ತು. 1862ರ ಅಕ್ಟೋಬರಿನಲ್ಲಿ ಅದು ನಿಂತು, ರಿಚ್ಮಂಡ್, ಕೊಲಂಬಸ್ ಮುಂತಾದ ಊರುಗಳ ಸರ್ಕಾರಿ ಉಗ್ರಾಣಗಳು ಉಡುಪು ಒದಗಿಸತೊಡಗಿದವು. ಅಲ್ಲಿ ತಯಾರಾದದ್ದು ಸೊಂಟದವರೆಗಿನ ಗಿಡ್ಡ ಜಾಕೆಟ್ಟು. ಕೋಟಿಗಿಂತ ಅದಕ್ಕೆ ಬಟ್ಟೆ ಕಡಿಮೆ ಸಾಕು.

ಆ ಬಟ್ಟೆಯೂ ಬಹುಪಾಲು ಪೂರಾ ಉಣ್ಣೆಯಲ್ಲ. ಹಾಸಿಗೆ ಹತ್ತಿ ನೂಲು, ಹೊಕ್ಕಿಗೆ ಉಣ್ಣೆ ನೂಲು ಹಾಕಿ ನೇಯ್ದ ‘ಜೀನ್’ ಬಟ್ಟೆ ಅದು. ಉಣ್ಣೆ ದುರ್ಲಭವಾಗಿದ್ದ, ಹತ್ತಿ ರಾಶಿ ಬಿದ್ದಿದ್ದ ನಾಡಿನ ಸ್ಥಿತಿ ಅದರ ನೇಯ್ಗೆಯಲ್ಲೇ ಕಾಣುತ್ತದೆ. ಆ ಹತ್ತಿಯನ್ನು ಬೆಳೆದದ್ದು ಗುಲಾಮರ ದುಡಿಮೆ ಎಂಬುದನ್ನೂ ಇಲ್ಲಿ ಮರೆಯುವಂತಿಲ್ಲ. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ್ದರಿಂದ ಹತ್ತಿ ಹೊರಗೆ ಹೋಗುವುದೂ ಕಷ್ಟವಾಯಿತು, ಒಳ್ಳೆಯ ಬಣ್ಣ ಒಳಗೆ ಬರುವುದೂ ಕಷ್ಟವಾಯಿತು. ಇಂಗ್ಲೆಂಡಿನ ಲಂಕಾಷೈರಿನ ಗಿರಣಿಗಳು ಹತ್ತಿಗಾಗಿ ಭಾರತದ ಕಡೆ ತಿರುಗಿದವು. 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸಿನ ಬೀಜ ತಂದು ಬೆಳೆಸಿದ್ದ ‘ಧಾರವಾಡ ಅಮೆರಿಕನ್’ ಹತ್ತಿಗೆ ಈ ವರ್ಷಗಳಲ್ಲಿ ಹಿಂದೆ ಕಾಣದ ಬೆಲೆ ಬಂತು. ರಿಚ್ಮಂಡಿನ ಜಾಕೆಟ್ಟಿನ ಕೊರತೆಯನ್ನೂ ಹುಬ್ಬಳ್ಳಿ, ಧಾರವಾಡ ಸೀಮೆಯ ರೈತನ ಸುಗ್ಗಿಯನ್ನೂ ಉಂಟುಮಾಡಿದ್ದು ಅದೇ ದಿಗ್ಬಂಧನ.

ಬಣ್ಣದ ಅಭಾವ ದಕ್ಷಿಣದ ಉಡುಪಿನ ಮೇಲೆ ನೇರವಾಗಿ ಕಾಣಿಸಿಕೊಂಡಿತು. ಲಾಗ್‌ವುಡ್ ಮರದ ಚಕ್ಕೆ, ಕಬ್ಬಿಣದ ಉಪ್ಪು ಮುಂತಾದವುಗಳಿಂದ ಬಂದ ಬೂದು ಬಣ್ಣ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಕಂದಿ ಮಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ಮನೆಗಳಲ್ಲಿ ಅಕ್ರೋಟಿನ ಜಾತಿಯ ಬಟರ್‌ನಟ್ ಮರದ ತೊಗಟೆ, ಸಿಪ್ಪೆಗಳಿಂದ ಕಂದು ಬಣ್ಣ ಹಾಕುತ್ತಿದ್ದರು. ದಕ್ಷಿಣದ ಸೈನಿಕರಿಗೆ ‘ಬಟರ್‌ನಟ್’ ಎಂಬ ಅಡ್ಡಹೆಸರು ಬಂದದ್ದು ಹೀಗೆ. ಯುದ್ಧದ ಕೊನೆಯ ಭಾಗದಲ್ಲಿ ದಿಗ್ಬಂಧನ ತಪ್ಪಿಸಿ ಬಂದ ಹಡಗುಗಳಲ್ಲಿ ಇಂಗ್ಲೆಂಡಿನ ನೀಲಿಬೂದು ಉಣ್ಣೆ ಬಟ್ಟೆಯೂ, ಐರ್ಲೆಂಡಿನ ಲಿಮರಿಕ್ಕಿನಲ್ಲಿ ಪೀಟರ್ ಟೇಟ್ ಕಾರ್ಖಾನೆ ಹೊಲಿದ ಸಿದ್ಧ ಜಾಕೆಟ್ಟುಗಳೂ ಬಂದವು.

ಇಷ್ಟೆಲ್ಲ ತಿಳಿಯುವುದಕ್ಕೆ ಆಧಾರಗಳು ಮೂರು: ಉಗ್ರಾಣಗಳ ಲೆಕ್ಕಪತ್ರ, ಉಳಿದುಬಂದ ಉಡುಪು, ಆ ಕಾಲದ ಛಾಯಾಚಿತ್ರ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್, ರಿಚ್ಮಂಡಿನ ಅಂತರ್ಯುದ್ಧ ವಸ್ತುಸಂಗ್ರಹಾಲಯ, ಅಟ್ಲಾಂಟಾ ಇತಿಹಾಸ ಕೇಂದ್ರಗಳಲ್ಲಿ ಮೂಲ ಉಡುಪುಗಳಿವೆ. ಲೆಸ್ಲಿ ಜೆನ್ಸನ್ 1989ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಉಳಿದ ಜಾಕೆಟ್ಟುಗಳ ತುಂಡುಗಳ ಸಂಖ್ಯೆ, ಹೆಗಲಪಟ್ಟಿ, ಬೆಲ್ಟಿನ ಕುಣಿಕೆ, ಅಂಚುಪಟ್ಟಿಗಳನ್ನು ಹೋಲಿಸಿ ಅವು ಯಾವ ಉಗ್ರಾಣದವೆಂದು ಅದು ವಿಂಗಡಿಸಿತು. ರಿಚ್ಮಂಡ್ ಜಾಕೆಟ್ಟನ್ನು ಒಂದು, ಎರಡು, ಮೂರನೆಯ ಬಗೆ ಎಂದು ಕರೆಯುವ ರೂಢಿ ಅಲ್ಲಿಂದ ಬಂದದ್ದು. ಹೆಗಲಪಟ್ಟಿಯ ಜೊತೆ ಅಂಚುಪಟ್ಟಿಯೂ ಇದ್ದರೆ ಒಂದನೆಯ ಬಗೆ, ಅಂಚುಪಟ್ಟಿ ಹೋಗಿ ಹೆಗಲಪಟ್ಟಿ ಉಳಿದಿದ್ದರೆ ಎರಡನೆಯದು, ಅದೂ ಬಿಟ್ಟುಹೋಗಿದ್ದರೆ ಮೂರನೆಯದು. ಯುದ್ಧ ಸಾಗಿದಂತೆ ಉಗ್ರಾಣ ಅಲಂಕಾರವನ್ನು ಒಂದೊಂದಾಗಿ ಕೈಬಿಟ್ಟಿತು.

ಛಾಯಾಚಿತ್ರವನ್ನು ಓದಲು ಎಚ್ಚರ ಬೇಕು. ಆಗಿನ ಕೊಲೋಡಿಯನ್ ಫಲಕಕ್ಕೆ ನೀಲಿ ಬೆಳಕು ಬೇಗ ತಾಗುತ್ತಿತ್ತು, ಕೆಂಪು ಬಹುತೇಕ ತಾಗುತ್ತಲೇ ಇರಲಿಲ್ಲ. ಆದ್ದರಿಂದ ತಿಳಿನೀಲಿ ಷರಾಯಿ ಚಿತ್ರದಲ್ಲಿ ಬಿಳಿಯಂತೆ, ಕೆಂಪು ಅಂಚು ಕಪ್ಪಾಗಿ, ಹಳದಿಯೂ ಗಾಢವಾಗಿ ಕಾಣುತ್ತದೆ. ತಗಡಿನ ಮೇಲೆ ತೆಗೆದ ಟಿನ್‌ಟೈಪಿನಲ್ಲಿ ಬಿಂಬ ಕನ್ನಡಿಯಲ್ಲಿನಂತೆ ಎಡಬಲ ಬದಲಾಗಿರುತ್ತದೆ. ಅದನ್ನು ಗಮನಿಸದೆ ನಕಲು ಮಾಡಿದರೆ ಗುಂಡಿ, ಕಾಜ ಎರಡೂ ತಪ್ಪು ಬದಿಗೆ ಹೋಗುತ್ತವೆ.

ಮರುತಯಾರಿಕೆ ಶುರುವಾಗುವುದು ಬಟ್ಟೆಯಿಂದ. ಇಂದಿನ ಅಂಗಡಿಯ ಉಣ್ಣೆ ಬಟ್ಟೆ ಆಗಿನ ‘ಕರ್ಸಿ’ ಎಂಬ ಉಣ್ಣೆ ಬಟ್ಟೆಯಷ್ಟು ದಪ್ಪವೂ ಇಲ್ಲ, ಒತ್ತಾಗಿಯೂ ಇಲ್ಲ. ಕೆಲವರು ಹಳೆಯ ತುಣುಕಿನಲ್ಲಿ ಅಂಗುಲಕ್ಕೆ ಎಷ್ಟು ಎಳೆ ಎಂದು ಎಣಿಸಿ, ಅದರಂತೆ ನೇಯಿಸಿಕೊಳ್ಳುತ್ತಾರೆ. ಕೃತಕ ನೀಲಿ ಮಾರುಕಟ್ಟೆಗೆ ಬಂದದ್ದು 1897ರಲ್ಲಿ. ಹಾಗಾಗಿ ಯುದ್ಧಕಾಲದ ನೀಲಿಯೆಲ್ಲ ಗಿಡದ ನೀಲಿ. ಅಂಥ ನೀಲಿಯಲ್ಲಿ ಮತ್ತೆ ಮತ್ತೆ ಅದ್ದಿದ ಬಟ್ಟೆಯ ಆಳ ಬೇರೆ ರಾಸಾಯನಿಕ ಬಣ್ಣಗಳಿಗೆ ಬರುವುದಿಲ್ಲ, ಅವು ಹಳತಾಗುವ ರೀತಿಯೂ ಬೇರೆ. ಪಾಲಿಯೆಸ್ಟರ್ ಬೆರೆತ ಬಟ್ಟೆ ಶಿಬಿರದ ಬೆಂಕಿಯ ಪಕ್ಕದಲ್ಲಿ ಅಪಾಯಕಾರಿ. ಅದು ಕರಗಿ ಮೈಗೆ ಅಂಟುತ್ತದೆ, ಉಣ್ಣೆ ಹಾಗಲ್ಲ.

ಆಮೇಲೆ ಕತ್ತರಿ. ಆ ಕಾಲದ ಕೋಟಿನ ಬೆನ್ನು ಕಿರಿದು, ಕಂಕುಳು ಮೇಲೆ, ಹೆಗಲ ಹೊಲಿಗೆ ಹಿಂದಕ್ಕೆ. ಷರಾಯಿ ಹೊಕ್ಕುಳಿನ ಮೇಲೆ ನಿಲ್ಲುತ್ತದೆ. ಸರಿಯಾದ ಅಳತೆಯಲ್ಲಿ ಹೊಲಿದದ್ದನ್ನು ತೊಟ್ಟರೆ ನಿಲ್ಲುವ ಭಂಗಿಯೇ ಬದಲಾಗುತ್ತದೆ. ಹಳೆಯ ಚಿತ್ರಗಳಲ್ಲಿನ ನಿಲುವಿಗೆ ದರ್ಜಿಯ ಕತ್ತರಿಯೂ ಒಂದು ಕಾರಣವೆಂಬುದು ಆಗ ತಿಳಿಯುತ್ತದೆ. ಜಾಕೆಟ್ಟಿನ ಒಳಗಿನದು ಕೋರಾ ಬಟ್ಟೆಯ ಲೈನಿಂಗ್. ಮೂಲ ಜಾಕೆಟ್ಟುಗಳ ಒಳಮಡಿಕೆಯಲ್ಲಿ ಸಣ್ಣ ತುಂಡುಗಳನ್ನು ಕೂಡಿಸಿ ಹೊಲಿದಿರುವುದುಂಟು. ಒಂದು ಚೂರನ್ನೂ ಎಸೆಯದ ಆ ಮಿತವ್ಯಯವನ್ನು ನಕಲಿನಲ್ಲಿಯೂ ತರಬೇಕು. ಕಾಜಗಳನ್ನು ಕೈಯಲ್ಲೇ ಹೊಲಿಯಬೇಕು.

1961ರ ಜುಲೈನಲ್ಲಿ, ಯುದ್ಧದ ನೂರನೆಯ ವರ್ಷಾಚರಣೆಗಾಗಿ ಮನಾಸಸ್ಸಿನಲ್ಲಿ ಬುಲ್ ರನ್ ಕಾಳಗವನ್ನು ಅಭಿನಯಿಸಿದಾಗ ಇಷ್ಟು ಶಿಸ್ತು ಇರಲಿಲ್ಲ. ಮುಂದೆ ಮೂಲ ಉಡುಪುಗಳ ಅಭ್ಯಾಸ ಬೆಳೆದಂತೆ ಪಟ್ಟು ಬಿಗಿಯಾಯಿತು. ಕಾಲಕ್ಕೆ ಹೊಂದದ ವಸ್ತುವಿಗೂ ಅದನ್ನು ತೊಟ್ಟವರಿಗೂ ಈ ವಲಯದಲ್ಲಿ ‘ಫಾರ್ಬ್’ ಎಂಬ ಮಾತು ಬಳಕೆಯಲ್ಲಿದೆ.

ನಿಖರತೆಯ ಹೊಣೆ ಬಟ್ಟೆಗೆ ಮುಗಿಯುವುದಿಲ್ಲ. ಸುಮಾರು 1,80,000 ಕಪ್ಪು ಸೈನಿಕರು ಉತ್ತರದ ನೀಲಿ ಉಡುಪಿನಲ್ಲಿ ಹೋರಾಡಿದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ನಾಯಕನಾದ ಫ್ರೆಡರಿಕ್ ಡಗ್ಲಸ್, ಆ ಕೋಟಿನ ಹದ್ದಿನ ಗುರುತಿನ ಗುಂಡಿ ತೊಟ್ಟವನಿಗೆ ಪೌರತ್ವದ ಹಕ್ಕನ್ನು ಯಾರೂ ಇಲ್ಲವೆನ್ನಲಾಗದು ಎಂದು 1863ರಲ್ಲಿ ವಾದಿಸಿದ. ಬೂದು ಜಾಕೆಟ್ಟು ಗುಲಾಮಗಿರಿಯನ್ನು ಉಳಿಸಿಕೊಳ್ಳಹೊರಟ ಸರ್ಕಾರದ ಉಡುಪು. ಎಳೆಯ ಲೆಕ್ಕ ಸರಿಯಿದ್ದು ಈ ಮಾತು ಬಿಟ್ಟುಹೋದರೆ ಆ ನಕಲು ಅಪೂರ್ಣ.

ಇನ್ನೊಂದು ಕರ್ತವ್ಯ ಉಳಿದಿದೆ. ಕೌಶಲ ಹೆಚ್ಚಿದಂತೆ ಒಳ್ಳೆಯ ನಕಲನ್ನು ಮೂಲವೆಂದು ಮಾರುವ ಅಪಾಯವೂ ಹೆಚ್ಚುತ್ತದೆ. ಆದ್ದರಿಂದ ಹೊಸದಾಗಿ ಹೊಲಿದ ಪ್ರತಿಯೊಂದು ಉಡುಪಿನ ಒಳಬದಿಯಲ್ಲಿ ಹೊಲಿದವರ ಹೆಸರು ಮತ್ತು ವರ್ಷವನ್ನು ಅಳಿಸಲಾಗದಂತೆ ಬರೆಯಬೇಕು. ಫಿಲಡೆಲ್ಫಿಯಾ, ರಿಚ್ಮಂಡುಗಳ ಹೊಲಿಗೆ ಹೆಂಗಸರಲ್ಲಿ ಬಹುಪಾಲು ಮಂದಿಯ ಹೆಸರು ಅವರು ಹೊಲಿದ ಕೋಟಿನ ಮೇಲೆ ಉಳಿದಿಲ್ಲ.