ಎರಡನೇ ಗೇರಿನ ರುಚಿ

ಕಾರು ಕೊಳ್ಳಲು ಹೊರಟವರು ನನ್ನ ಬಳಿ ಬಂದರೆ ಮೊದಲು ಕೇಳುವುದು ‘ಯಾವುದು ತಗೊಳ್ಳಲಿ?’ ಎಂದು. ಆಮೇಲೆ ‘ಎಷ್ಟು ಮೈಲೇಜ್ ಕೊಡುತ್ತೆ?’ ಎಂದು. ನಾನು ತಿರುಗಿ ಒಂದನ್ನೇ ಕೇಳುತ್ತೇನೆ: ‘ಸೆಕೆಂಡ್ ಗೇರಲ್ಲಿ ಓಡಿಸಿ ನೋಡಿದ್ರಾ?’ ನಮ್ಮ ಕಾರುಗಳು ಬಾಳುವುದು ಆ ಗೇರಿನಲ್ಲಿ. ಹಂಪು, ಹಸು, ಬಸ್‌ಸ್ಟಾಪಿನ ಮುಂದಿನ ಜನ, ಅಡ್ಡ ಬರುವ ಆಟೊ, ಮನೆಗೆ ತಿರುಗುವ ಕ್ರಾಸು, ಎಲ್ಲವೂ ಗಂಟೆಗೆ 15ರಿಂದ 35 ಕಿಲೊಮೀಟರ್ ವೇಗದ ಲೋಕ. ಟೆಸ್ಟ್ ಡ್ರೈವ್ ಎಂದರೆ ಎಷ್ಟೋ ಸಲ ಖಾಲಿ ರಸ್ತೆಗೆ ಕರೆದೊಯ್ದು ವೇಗ ತೋರಿಸುತ್ತಾರೆ. ಅವತ್ತು ಕಂಡ ಕಾರನ್ನು ನೀವು ವರ್ಷಕ್ಕೆ ನಾಲ್ಕು ಸಲ ಕಂಡರೆ ಹೆಚ್ಚು. ದಿನಬಳಕೆಯ ಕಾರನ್ನು ಸವಿಯಲು ಕಲಿಯುವವರಿಗೆ ಮೊದಲ ಪಾಠ ಎರಡನೇ ಗೇರಿನದು.

ನನಗೆ ಆ ಪಾಠ ಹೇಳಿದ್ದು ಅಪ್ಪನ ಮಾರುತಿ 800. 1983ರ ಡಿಸೆಂಬರಿನಲ್ಲಿ ಗುಡಗಾಂವಿನ ಕಾರ್ಖಾನೆಯಿಂದ ಹೊರಬರತೊಡಗಿದ ಆ ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಸುಮಾರು 650 ಕೆಜಿ ತೂಕ, 12 ಇಂಚಿನ ಚಕ್ರ. ನಮ್ಮದಕ್ಕೆ ಪವರ್ ಸ್ಟೀರಿಂಗ್ ಇರಲಿಲ್ಲ. ಆದರೆ ಮುಂದಿನ ಎಡಚಕ್ರ ಡಾಂಬರು ಬಿಟ್ಟು ಜಲ್ಲಿಗೆ ಇಳಿದದ್ದು ಕಣ್ಣಿಗಿಂತ ಮೊದಲು ಅಂಗೈಗೆ ತಿಳಿಯುತ್ತಿತ್ತು. ಎರಡನೇ ಗೇರಿನಲ್ಲಿ ಕಾಲು ಚೂರು ಒತ್ತಿದರೆ ಸಾಕು, ಕಾರು ಮುಂದಕ್ಕೆ ಚಿಮ್ಮುತ್ತಿತ್ತು. ಅದು ಎಂಜಿನ್ನಿನ ಬಲವಲ್ಲ, ಮೈಹಗುರ. ಹಗುರವಾದ ಕಾರು ಬ್ರೇಕಿಗೂ ಬೇಗ ನಿಲ್ಲುತ್ತದೆ, ಟೈರನ್ನೂ ಕಡಿಮೆ ಸವೆಸುತ್ತದೆ, ಕಿರಿದಾದ ಸಂದಿಯಲ್ಲಿ ಮಾತು ಕೇಳುತ್ತದೆ. ಎಲ್ಲಾದರೂ ಚೆನ್ನಾಗಿ ಇಟ್ಟುಕೊಂಡ 800 ಸಿಕ್ಕರೆ ಅರ್ಧ ಗಂಟೆ ಓಡಿಸಿ ಬನ್ನಿ. ಆಮೇಲೆ ಯಾವ ಕಾರಿನಲ್ಲಿ ಕೂತರೂ ಅದರ ಭಾರ ನಿಮಗೆ ತಾನಾಗಿ ತಿಳಿಯುತ್ತದೆ.

ಹಳೆಯದರ ಮೇಲಿನ ಪ್ರೀತಿಗೆ ಒಂದು ಗಡಿ ಹಾಕಿಕೊಳ್ಳಬೇಕು. 2014ರ ಜನವರಿಯಲ್ಲಿ, ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆ ನಮ್ಮಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಗೋಡೆಗೆ ಗುದ್ದಿಸಿ ನೋಡಿದಾಗ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಬಂದದ್ದು ಸೊನ್ನೆ ನಕ್ಷತ್ರ. ಇಂದಿನ ಕಾರಿನ ಹೆಚ್ಚುವರಿ ತೂಕದಲ್ಲಿ ಒಂದು ಪಾಲು ಬಲವಾದ ಉಕ್ಕು, ಏರ್‌ಬ್ಯಾಗು. ಆ ಭಾರಕ್ಕೆ ನಾನು ಬೇಸರಿಸುವುದಿಲ್ಲ. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಸಿಎಪಿ ಇದೆ; ನೋಡಿದ ಕಾರಿಗೆ ಅಂಕ ಬಂದಿದ್ದರೆ ದೊಡ್ಡವರದ್ದನ್ನೂ ಮಕ್ಕಳದ್ದನ್ನೂ ಬೇರೆಬೇರೆಯಾಗಿ ಓದಿ. ಬಾನೆಟ್ಟನ್ನು ಬೆರಳಿನಿಂದ ಒತ್ತಿ ‘ಡಬ್ಬ’ ಎನ್ನುವುದು, ಬಾಗಿಲು ಹಾಕಿ ‘ಧಪ್’ ಸದ್ದಿಗೆ ತಲೆದೂಗುವುದು, ಇವೆರಡನ್ನೂ ಬಿಟ್ಟುಬಿಡಿ. ಹೊರತಗಡು ಮೈಮುಚ್ಚುವ ಬಟ್ಟೆಯಿದ್ದಂತೆ. ಕಾಯುವುದು ಒಳಗಿನ ಪಂಜರ. ಬಾಗಿಲ ಸದ್ದು ಹುಟ್ಟುವುದು ಬಹುಪಾಲು ರಬ್ಬರ್ ಪಟ್ಟಿ ಮತ್ತು ಒಳಗೆ ಅಂಟಿಸಿದ ಸದ್ದುತಡೆಯಿಂದ.

ಇನ್ನು ಕಿವಿ. ಸಂಗೀತ ಕೇಳುವವರಿಗೆ ಈ ಪಾಠ ಸುಲಭ. ಎಂಜಿನ್ನು ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರೂ ಒಂದು ಸಲ ಉರಿಯುತ್ತದೆ. ನಾಲ್ಕಿದ್ದರೆ ಅರ್ಧ ಸುತ್ತಿಗೊಂದು ಪೆಟ್ಟು, ಚತುರಶ್ರ ನಡೆ. ಮೂರಿದ್ದರೆ ಪೆಟ್ಟುಗಳ ನಡುವೆ ಹೆಚ್ಚು ಬಿಡುವು, ತಿಶ್ರ ನಡೆ. ಸಿಗ್ನಲ್ಲಿನಲ್ಲಿ ನಿಂತಾಗ ಮೂರರ ಎಂಜಿನ್ನಿನ ಸಣ್ಣ ತೊನೆದಾಟ ಸೀಟಿಗೂ ಸ್ಟೀರಿಂಗಿಗೂ ಬರುತ್ತದೆ. ನಾಲ್ಕರದ್ದು ತಂಬೂರಿಯಂತೆ ಸುಮ್ಮನೆ ಮಿಡಿಯುತ್ತಿರುತ್ತದೆ. 2005ರಲ್ಲಿ ಸ್ವಿಫ್ಟ್ ಬಂದಾಗ ಅದರಲ್ಲಿ ಇದ್ದದ್ದು ನಾಲ್ಕು ಸಿಲಿಂಡರಿನ 1.3 ಲೀಟರ್ ಎಂಜಿನ್. 2010ರಲ್ಲಿ ಅದು 1.2 ಆಯಿತು, ಸಿಲಿಂಡರು ನಾಲ್ಕೇ ಉಳಿದವು. 2024ರ ಸ್ವಿಫ್ಟಿನಲ್ಲಿ ಮೂರಾದವು. ಒಳಗೆ ತಿಕ್ಕಾಡುವ ಭಾಗಗಳು ಕಡಿಮೆಯಾದವು, ಪೆಟ್ರೋಲ್ ಉಳಿಯುತ್ತದೆ, ಪೇಟೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ಆದರೂ ಐದು ಸಾವಿರ ಆರ್‌ಪಿಎಂ ಕಡೆ ಏರುವಾಗ ಹಳೆಯ ಎಂಜಿನ್ನು ದನಿ ತೆಗೆದು ಹಾಡುತ್ತಿದ್ದ ಪರಿ ಈಗಿಲ್ಲ. ನಾನಾದರೆ ಹಳೆಯದನ್ನು ಮಾರುವುದಿಲ್ಲ.

ಟರ್ಬೊ ಇರುವ ಕಾರಿಗೆ ಪರೀಕ್ಷೆ ಬೇರೆ. ಫಿಯೆಟ್ ಮೂಲದ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ನನ್ನು ಒಂದು ಕಾಲಕ್ಕೆ ಮಾರುತಿ, ಟಾಟಾ, ಫಿಯೆಟ್ ಮೂವರೂ ಹಾಕುತ್ತಿದ್ದರು. ‘ರಾಷ್ಟ್ರೀಯ ಎಂಜಿನ್’ ಎಂದೇ ಅದಕ್ಕೆ ಹೆಸರು ಬಿದ್ದಿತ್ತು. ಹೆದ್ದಾರಿಯಲ್ಲಿ ಅದರ ಓಟ ಸೊಗಸು. ಆದರೆ ಹಂಪು ದಾಟಿ ಎರಡನೇ ಗೇರಿನಲ್ಲಿ ಕಾಲು ಒತ್ತಿದರೆ ಒಂದು ಕ್ಷಣ ಏನೂ ಆಗುತ್ತಿರಲಿಲ್ಲ, 1,800 ಆರ್‌ಪಿಎಂ ದಾಟುತ್ತಲೇ ಯಾರೋ ಹಿಂದಿನಿಂದ ನೂಕಿದಂತೆ ಓಡುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆನಿಯಮ ಬಂದಾಗ ಆ ಎಂಜಿನ್ ಹೋಯಿತು. ಅದರ ಸ್ವಭಾವ ಇಂದಿನ ಕೆಲವು ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಿ ಉಳಿದುಕೊಂಡಿದೆ. ಟೆಸ್ಟ್ ಡ್ರೈವಿನಲ್ಲಿ ಒಂದು ಏರು ಹುಡುಕಿ. ನಾಲ್ಕು ಜನ ಕೂತಿರಲಿ, ಏಸಿ ಹಾಕಿರಲಿ. ಎರಡನೇ ಗೇರಿನಲ್ಲಿ 15ಕ್ಕೆ ಇಳಿಸಿ, ಮೆಲ್ಲಗೆ ಕಾಲು ಒತ್ತಿ, ಮನಸ್ಸಿನಲ್ಲಿ ಎಣಿಸಿ. ‘ಎರಡು’ ಎನ್ನುವುದರೊಳಗೆ ಕಾರು ಎಳೆದರೆ ಆ ಎಂಜಿನ್ನಿನ ಜೊತೆ ಬಾಳಬಹುದು.

ಎಎಂಟಿಗೆ ಎರಡು ಮಾತು. 2014ರ ಸೆಲೆರಿಯೊದಿಂದ ನಮ್ಮಲ್ಲಿ ಶುರುವಾದ ಈ ಪದ್ಧತಿಯಲ್ಲಿ ಕ್ಲಚ್ಚು, ಗೇರು ಮಾಮೂಲಿನವೇ; ಅವನ್ನು ಕಾಲಿನ ಬದಲು ಯಂತ್ರ ಒತ್ತುತ್ತದೆ. ಗೇರು ಬದಲಾಗುವ ಹೊತ್ತಿಗೆ ತಲೆ ಮುಂದಕ್ಕೆ ತೂಗಿದಂತಾಗುತ್ತದೆ. ಆ ಹೊತ್ತನ್ನು ಊಹಿಸಿ ಕಾಲನ್ನು ಚೂರು ಸಡಿಲಿಸಿದರೆ ತೂಗಾಟ ಬಹುಪಾಲು ಮಾಯ. ವಾರದಲ್ಲಿ ಅಭ್ಯಾಸವಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕಾರಿನ ವಿಷಯಕ್ಕೆ ಬಂದರೆ ನನಗೆ ಉತ್ಸಾಹ ಜಾಸ್ತಿ. ರಸಿಕರು ನಿಜವಾಗಿ ತಯಾರಾಗುವುದು ಅಲ್ಲಿ. ಬೆಳಿಗ್ಗೆ ಹೋಗಿ. ‘ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಎಂದು ಮೊದಲೇ ಹೇಳಿ, ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ತಣ್ಣನೆಯ ಎಂಜಿನ್ನಿನ ಕೆಮ್ಮು ನಿಮಗೆ ಕೇಳಿಸದಂತೆ ಆಗಲೇ ಎಚ್ಚರಿಸಿಟ್ಟಿದ್ದಾರೆ ಎಂದು ಅನುಮಾನಿಸಬೇಕು. ಸೀಟ್ ಬೆಲ್ಟನ್ನು ಪೂರ್ತಿ, ಕೊನೆಯವರೆಗೂ ಎಳೆಯಿರಿ. ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಆ ಕಾರು ನೀರಿನಲ್ಲಿ ನಿಂತಿರಬಹುದು. ಸೀಟು, ಮ್ಯಾಟು ತೊಳೆಯುವವರು ಬೆಲ್ಟಿನ ಕೊನೆಯನ್ನು ಮರೆಯುತ್ತಾರೆ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಕೂರುವ ಗುಳಿ ನೋಡಿ: ಸುಕ್ಕು, ಹೊಸ ವೆಲ್ಡಿಂಗ್, ಬಣ್ಣದ ವ್ಯತ್ಯಾಸ ಹಿಂದಿನಿಂದ ಬಿದ್ದ ಪೆಟ್ಟಿನ ಗುರುತು. ಟೈರಿನ ಮೇಲಿನ ನಾಲ್ಕು ಅಂಕಿ ಓದಿ. 2321 ಎಂದರೆ 2021ನೇ ಇಸವಿಯ 23ನೇ ವಾರ ತಯಾರಾದದ್ದು. ಮೀಟರು 22 ಸಾವಿರ ಕಿಲೊಮೀಟರ್ ತೋರಿಸುತ್ತಿದ್ದು ನಾಲ್ಕೂ ಟೈರು ಹೊಸದಾಗಿದ್ದರೆ ಏಕೆಂದು ಕೇಳಿ. ವಿಮೆಯ ಕಾಗದದಲ್ಲಿ ನೋ ಕ್ಲೈಮ್ ಬೋನಸ್ ಎಷ್ಟಿದೆ ನೋಡಿ. ಐದು ವರ್ಷ ಒಬ್ಬರೇ ಇಟ್ಟುಕೊಂಡ, ‘ಒಂದು ಗೀರೂ ಇಲ್ಲದ’ ಕಾರಿಗೆ ಅದು ಸೊನ್ನೆ ಇದ್ದರೆ ಹೇಳದೆ ಬಿಟ್ಟ ಕಥೆಯೊಂದು ಇರಬಹುದು.

ಒಮ್ಮೆ ನಾನು ಇದನ್ನೆಲ್ಲ ನೋಡಿ, ಬೆಲ್ಟನ್ನು ಮಾತ್ರ ಎಳೆಯದೆ ಬಂದೆ. ಬಣ್ಣಕ್ಕೆ ಮನಸೋತಿದ್ದೆ. ಮೊದಲ ಮಳೆಗಾಲದಲ್ಲಿ ಡ್ಯಾಶ್‌ಬೋರ್ಡಿನ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಮೆಕ್ಯಾನಿಕ್ ವೈರಿನ ಜಾಯಿಂಟುಗಳನ್ನು ಬಿಚ್ಚಿ ಹಸಿರು ಕಿಲುಬು ತೋರಿಸಿ, ‘ಅಣ್ಣ, ಇದು ನೀರು ಕುಡಿದಿರೋ ಗಾಡಿ’ ಎಂದ. ಆ ಹಸಿರು ಇನ್ನೂ ಕಣ್ಣ ಮುಂದಿದೆ.

ಕೊಂಡ ಮೇಲಿನ ಖರ್ಚಿನಲ್ಲಿ ನನ್ನ ಪಕ್ಷಪಾತ ಟೈರಿಗೆ. ರಸ್ತೆಯನ್ನು ಮುಟ್ಟುವುದು ಅಂಗೈಯಗಲದ ನಾಲ್ಕು ತುಂಡು ರಬ್ಬರು ಮಾತ್ರ. ಸೀಟ್ ಕವರು, ಹೊಳಪಿನ ಕೋಟಿಂಗು, ಕ್ರೋಮ್ ಪಟ್ಟಿಗಳಿಗೆ ಎತ್ತಿಟ್ಟ ಹಣದಲ್ಲಿ ಒಳ್ಳೆಯ ಟೈರು ಹಾಕಿಸಿ, ಹದಿನೈದು ದಿನಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಗಾಳಿ ನೋಡಿಸಿ. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಪಕ್ಕದ ಚೀಟಿಯಲ್ಲಿದೆ. ಆಯಿಲ್ ತಡಮಾಡಬೇಡಿ, ಕಡಿಮೆ ಓಡಿಸಿದರೂ ವರ್ಷಕ್ಕೊಮ್ಮೆ. ಏರಿನ ಸಿಗ್ನಲ್ಲಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ಕಾರನ್ನು ತೂಗಿ ನಿಲ್ಲಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹ್ಯಾಂಡ್‌ಬ್ರೇಕ್ ಇರುವುದು ಅದಕ್ಕೇ. ಘಾಟಿ ಇಳಿಯುವಾಗಲೂ ಅದೇ ಎರಡನೇ ಗೇರು ಹಾಕಿ, ಎಂಜಿನ್ನಿಗೆ ಕಾರನ್ನು ಹಿಡಿದುಕೊಳ್ಳಲು ಬಿಡಿ. ಆಗುಂಬೆಯ ತಿರುವುಗಳಲ್ಲಿ ಬ್ರೇಕಿನ ಸುಟ್ಟ ವಾಸನೆ ಬರಿಸದೆ ಸೋಮೇಶ್ವರ ತಲುಪುವುದು ಒಂದು ಸುಖ.

ಮೈಲೇಜನ್ನು ಮೀಟರಿನ ಪರದೆಯಲ್ಲಿ ನೋಡಬೇಡಿ. ಬಂಕಿನಲ್ಲಿ ಪಂಪು ತಾನಾಗಿ ನಿಲ್ಲುವವರೆಗೆ ತುಂಬಿಸಿ, ಟ್ರಿಪ್ ಸೊನ್ನೆ ಮಾಡಿ, ಮುಂದಿನ ಸಲ ಅದೇ ಪಂಪಿನಲ್ಲಿ ಹಾಗೇ ತುಂಬಿಸಿ, ಓಡಿದ ಕಿಲೊಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸಿ.

ಎಷ್ಟು ಓಡಿಸಿ ನೋಡಿದರೂ ಚಾಲಕನ ಸೀಟಿನಿಂದ ಕಾಣದ್ದು ಒಂದಿದೆ. ಕಳೆದ ಸಲ ಕಾರು ಆರಿಸುವಾಗ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೋಗಿದ್ದೆ. ಮೊದಲು ನೋಡಿದ್ದು ನನಗೆ ಬಹಳ ಹಿಡಿಸಿದ ಕಾರು. ಸ್ಟೀರಿಂಗ್ ಚುರುಕು, ಎಂಜಿನ್ ಚೊಕ್ಕ. ಎರಡು ಸುತ್ತು ಹಾಕಿ ಬಂದು ‘ಹೇಗಿದೆ?’ ಎಂದೆ. ‘ಬಾವಿಯಲ್ಲಿ ಕೂತ ಹಾಗಿತ್ತು ಕಣೋ’ ಎಂದಳು. ಹಿಂದೆ ಹೋಗಿ ಕೂತು ನೋಡಿದೆ. ಅಂದಕ್ಕೆಂದು ಕಿಟಕಿಯ ಗೆರೆಯನ್ನು ಹಿಂದಕ್ಕೆ ಹೋದಂತೆ ಏರಿಸಿದ್ದರು. ಅವಳ ಕಣ್ಣಿಗೆ ಬರೀ ಆಕಾಶ, ಬಾಗಿಲಿನ ಕಪ್ಪು. 1998ರ ಸ್ಯಾಂಟ್ರೊ, 1999ರ ವ್ಯಾಗನ್ಆರ್ ತಂದ ಎತ್ತರದ ಮಾದರಿಯನ್ನು ಚೆಂದವಿಲ್ಲವೆಂದು ನಾನು ವರ್ಷಗಟ್ಟಲೆ ದೂರವಿಟ್ಟಿದ್ದೆ. ಆ ಮಧ್ಯಾಹ್ನ ಅಂಥದ್ದೇ ಒಂದನ್ನು ನೋಡಿದೆವು. ಕುರ್ಚಿಯೆತ್ತರದ ಸೀಟು, ದೊಡ್ಡ ಗಾಜು. ಅಮ್ಮ ಬಗ್ಗದೆ ಕೂತಳು, ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಓದುತ್ತ ಬಂದಳು. ಇಳಿಯುವಾಗ ಸೀರೆಯ ನೆರಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಮಂಡಿನೋವಿನ ಕಾಲನ್ನು ಮೊದಲು ನೆಲಕ್ಕಿಟ್ಟು ಎದ್ದು ನಿಂತಳು. ಬಾಗಿಲ ಮೇಲಿನ ಹಿಡಿಯ ಕಡೆ ಅವಳ ಕೈ ಹೋಗಲೇ ಇಲ್ಲ. ಅಂದೇ ಮುಂಗಡ ಕೊಟ್ಟೆ.