ಹಳಿಯಾಳದ ಓಟಕ್ಕೆ ಸಂಬಳವಿರಲಿಲ್ಲ

ಉತ್ತರ ಕನ್ನಡದ ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳ ಓಟದ ಮಾತು ಬಂದರೆ ಸಾಕು, ‘ಅದು ಅವರ ರಕ್ತದಲ್ಲೇ ಇದೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಟ್ರ್ಯಾಕ್ ಪಕ್ಕ ನಿಂತು ಓಟ ನೋಡುವ ಹುಚ್ಚಿರುವ ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ.

ಮಹಿಳೆಯರ 100 ಮೀಟರ್ ಹರ್ಡಲ್ಸ್ ನೋಡಿ. ಒಟ್ಟು 10 ಹರ್ಡಲ್, ಒಂದೊಂದರ ಎತ್ತರ 83.8 ಸೆಂ.ಮೀ. ಮೊದಲನೆಯದು 13 ಮೀಟರ್ ದೂರದಲ್ಲಿ. ಅಲ್ಲಿಂದ ಮುಂದೆ ಎರಡರ ನಡುವೆ 8.5 ಮೀಟರ್. ಆ ಅಂತರಕ್ಕೆ ಮೂರೇ ಹೆಜ್ಜೆ. ನಾಲ್ಕಾದರೆ ಮುಂದಾಗುವ ಕಾಲೇ ಅದಲುಬದಲು, ಲಯ ಮುರಿಯಿತು. ಹಿಂಗಾಲನ್ನು ಪಕ್ಕದಿಂದ ಮಡಚಿ ತರುವುದು, ಎದೆ ಬಗ್ಗಿಸಿ ಹರ್ಡಲ್ ಮೇಲೆ ಆದಷ್ಟು ತಗ್ಗಿನಲ್ಲಿ ದಾಟುವುದು ಯಾರ ರಕ್ತದಲ್ಲೂ ಇರುವುದಿಲ್ಲ. ಕೋಚ್ ಕಣ್ಣೆದುರು ವರ್ಷಗಟ್ಟಲೆ ತಿದ್ದಿಸಿಕೊಂಡರೆ ಮಾತ್ರ ಬರುತ್ತದೆ.

1987ರಲ್ಲಿ ಹಾಗೆ ಕಲಿಯುವ ಅವಕಾಶ ಬಂತು. ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡುತ್ತಿದ್ದ ಮಾರ್ಗರೆಟ್ ಆಳ್ವ ಅವರ ಆಸಕ್ತಿಯಿಂದ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಊಟ, ವಸತಿ, ತರಬೇತಿ ಕೊಟ್ಟಿತು. ಅಥ್ಲೀಟ್‌ಗಳಾದ ಕಮಲಾ ಮಿಂಗೇಲ್ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಬೆಳಕಿಗೆ ಬಂದದ್ದು ಹೀಗೆ. 1990ರ ದಶಕದ ಮೊದಲ ಭಾಗದಲ್ಲೇ ಯೋಜನೆ ನಿಂತುಹೋಯಿತು. ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿದ್ದೇ ತಡ ಆ ಮಕ್ಕಳು ಓಟ ಬಿಟ್ಟರು ಎಂಬ ದೂರು ಇಂದಿಗೂ ಕಿವಿಗೆ ಬೀಳುತ್ತದೆ.

ಬಿಡದೆ ಏನು ಮಾಡಬೇಕಿತ್ತು? ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ. ಅದಕ್ಕೂ ಮುಂಚೆ, ಕಾಡಂಚಿನ ಕೂಲಿಕಾರರ ಮನೆಯ ಹುಡುಗಿಗೆ ತಿಂಗಳ ಸಂಬಳದ ಬಾಗಿಲು ತೆರೆಯುತ್ತಿದ್ದದ್ದು ಕಾಲಿನ ವೇಗ ಒಂದೇ. ಬೇರೆ ಕಡೆ ಹೇಗಿದೆ ನೋಡಿ: ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ ಎನ್‌ಎಚ್‌ಎಲ್ ಎಂಬ ಅಗ್ರ ಲೀಗ್‌ನ ತಂಡ ಆರಿಸಿಕೊಂಡ ಹುಡುಗರಲ್ಲಿ ಎಷ್ಟೋ ಮಂದಿ ಎಎಚ್‌ಎಲ್ ಎಂಬ ಕೆಳ ಹಂತದ ಲೀಗ್‌ನಲ್ಲಿ ವರ್ಷಗಟ್ಟಲೆ ಆಡಿ ಮೇಲೇರುತ್ತಾರೆ. ಅಲ್ಲಿ ಕಲಿಯುವ ಕಾಲಕ್ಕೂ ಸಂಬಳವಿದೆ, ಆಟವೇ ಉದ್ಯೋಗ. ನಮ್ಮಲ್ಲಿ ಆಟದ ಕೊನೆಗೆ ಉದ್ಯೋಗ ಇಟ್ಟು, ಅದನ್ನು ಮುಟ್ಟಿದವರನ್ನೇ ಬೈದೆವು.

ಈಗ ಹಳಿಯಾಳದ ಹೆಸರು ಕುಸ್ತಿಯಲ್ಲಿ ಕೇಳಿಬರುತ್ತಿದೆ. ಸಿದ್ದಿ ಹುಡುಗಿಯರೂ ಮ್ಯಾಟ್ ಮೇಲಿದ್ದಾರೆ. ಇವರಿಗೆ ನೌಕರಿ ಕೊಡುವ ಇಲಾಖೆ ಅಭ್ಯಾಸಕ್ಕೆ ದಿನದ ಅರ್ಧ ಹೊತ್ತನ್ನಾದರೂ ಬಿಟ್ಟುಕೊಡಲಿ, ಕೂಟಕ್ಕೆ ಹೋದ ದಿನಗಳನ್ನು ಕೆಲಸದ ದಿನಗಳೆಂದೇ ಬರೆದುಕೊಳ್ಳಲಿ.